ಅಕ್ಷರದ ತಲೆಯ ಮೇಲಿನ ಅಲೆಗೆರೆ: ಟಿಲ್ಡೆಯನ್ನು ಓದುವುದು, ಬರೆಯುವುದು, ಟೈಪ್ ಮಾಡುವುದು ಹೇಗೆ?

ಮಳೆಗಾಲ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ‘ಎಲ್ ನಿನೊ’ ಹಾಜರಾಗುತ್ತದೆ. ಅದರ ಬೆನ್ನಿಗೇ ಓದುಗರ ಪ್ರಶ್ನೆಯೂ ಬರುತ್ತದೆ: ಅದು ನಿನೊನೋ, ನಿನ್ಯೋನೋ? ಎನ್ ತಲೆಯ ಮೇಲೆ ಹಾಕುವ ಆ ಸೊಟ್ಟಗೆರೆ ಯಾಕೆ? ವಿಯೆಟ್ನಾಂ ಪ್ರವಾಸಕ್ಕೆ ಹೊರಟವರು, ಬ್ರೆಜಿಲ್ ಆಟಗಾರರ ಹೆಸರು ಬರೆಯಬೇಕಾದ ಕ್ರೀಡಾ ವರದಿಗಾರರು, ಸಂಸ್ಕೃತ ಶ್ಲೋಕವನ್ನು ರೋಮನ್ ಲಿಪಿಯಲ್ಲಿ ಟೈಪ್ ಮಾಡುವ ವಿದ್ಯಾರ್ಥಿಗಳು, ಗೋವಾ ಮೂಲದ ದಾಖಲೆ ತಿದ್ದಿಸಲು ಓಡಾಡುವವರು ಎಲ್ಲರೂ ಸುತ್ತಿ ಬಳಸಿ ಕೇಳುವುದು ಇದನ್ನೇ. ಆ ಗೆರೆಯ ಹೆಸರು ಟಿಲ್ಡೆ.

ಉತ್ತರ ಒಂದೇ ಸಾಲಿನಲ್ಲಿ ಸಿಗದಿರುವುದಕ್ಕೆ ಕಾರಣ ಇದೆ. ಟಿಲ್ಡೆಗೆ ತನ್ನದೇ ಆದ ಉಚ್ಚಾರಣೆ ಇಲ್ಲ. ಸ್ಪ್ಯಾನಿಷ್‌ನಲ್ಲಿ ಅದು ಬೇರೆಯೇ ವ್ಯಂಜನ, ಪೋರ್ಚುಗೀಸ್‌ನಲ್ಲಿ ಮೂಗಿನ ಸ್ವರ, ವಿಯೆಟ್ನಾಮೀಸ್‌ನಲ್ಲಿ ದನಿಯ ಏರಿಳಿತ, ಎಸ್ಟೋನಿಯನ್‌ನಲ್ಲಿ ಇವು ಯಾವುವೂ ಅಲ್ಲ. ಹಾಗಾಗಿ ಗೆರೆ ನೋಡಿದ ಕೂಡಲೇ ‘ಇದನ್ನು ಹೇಗೆ ಹೇಳುವುದು’ ಎಂದು ಕೇಳಬೇಡಿ. ‘ಇದು ಯಾವ ಭಾಷೆ’ ಎಂದು ಕೇಳಿ. ಮುಂದಿನ ಹಂತಗಳೆಲ್ಲ ಆ ಉತ್ತರದ ಮೇಲೆ ನಿಂತಿವೆ.

ಓದಲು ಅನುಕೂಲವಾಗಲೆಂದು ಒಂದು ಒಪ್ಪಂದ ಮಾಡಿಕೊಳ್ಳೋಣ. ಇಲ್ಲಿ ‘ಎನ್~’ ಎಂದು ಬರೆದರೆ ತಲೆಯ ಮೇಲೆ ಟಿಲ್ಡೆ ಇರುವ ರೋಮನ್ ಎನ್ ಎಂದು ತಿಳಿಯಿರಿ. ಎ~, ಓ~, ಯು~ ಕೂಡ ಹಾಗೆಯೇ. ಬರೆಯುವಾಗ ಗೆರೆ ಪಕ್ಕದಲ್ಲಿ ಅಲ್ಲ, ಅಕ್ಷರದ ಮೇಲೆಯೇ ಬರಬೇಕು.

ಹಂತ 1: ಅದು ಟಿಲ್ಡೆಯೇ ಎಂದು ಖಚಿತ ಮಾಡಿಕೊಳ್ಳಿ

ರೋಮನ್ ಅಕ್ಷರಗಳ ಮೇಲೆ ಕೂರುವ ಗುರುತುಗಳು ಹಲವು. ನೇರ ಅಡ್ಡಗೆರೆ ಇದ್ದರೆ ಅದು ಸಾಮಾನ್ಯವಾಗಿ ದೀರ್ಘದ ಗುರುತು. ಸಂಸ್ಕೃತ, ಜಪಾನಿ ಪದಗಳಲ್ಲಿ ನೋಡಿರುತ್ತೀರಿ. ಮನೆಯ ಮಾಡಿನಂತೆ ಚೂಪಾಗಿದ್ದರೆ ಅದು ಸರ್ಕಮ್‌ಫ್ಲೆಕ್ಸ್. ಬಟ್ಟಲಿನಂತೆ ಮೇಲಕ್ಕೆ ಬಾಯಿ ತೆರೆದಿದ್ದರೆ ಬ್ರೀವ್. ಎರಡು ಬಾಗು ಇರುವ ಅಲೆ ಮಾತ್ರ ಟಿಲ್ಡೆ.

ಚಿಕ್ಕ ಅಕ್ಷರದಲ್ಲಿ ಮುದ್ರಿಸಿದಾಗ ಅಲೆ ಚಪ್ಪಟೆಯಾಗಿ ದೀರ್ಘದ ಗೆರೆಯಂತೆಯೇ ಕಾಣುತ್ತದೆ. ಫೋನಿನಲ್ಲಾದರೆ ಹಿಗ್ಗಿಸಿ ನೋಡಿ. ಸ್ಪೇನ್‌ನವರ ಕೈಬರಹದಲ್ಲಂತೂ ಎನ್~ ಮೇಲೆ ಬರೀ ಅಡ್ಡಗೆರೆ ಎಳೆದಿರುತ್ತಾರೆ. ಎನ್ ಮೇಲೆ ಬಂದ ಗೆರೆ ಅಲ್ಲಿ ಟಿಲ್ಡೆಯೇ.

ಇನ್ನೊಂದು ಗೊಂದಲ: ಕೀಬೋರ್ಡಿನಲ್ಲಿ ಎಸ್ಕೇಪ್ ಕೀಲಿಯ ಕೆಳಗೆ ಕೂತಿರುವ ಒಂಟಿ ~ ಗುರುತು. ‘ಸುಮಾರು’ ಎನ್ನುವುದಕ್ಕೆ, ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರ್ ತೋರಿಸುವುದಕ್ಕೆ ಬಳಸುವ ಗುರುತು ಅದು. ಎನ್ ಟೈಪ್ ಮಾಡಿ ಪಕ್ಕದಲ್ಲಿ ಅದನ್ನು ಒತ್ತಿದರೆ ಎನ್~ ಆಗುವುದಿಲ್ಲ.

ಹಂತ 2: ಯಾವ ಭಾಷೆ ಎಂದು ಪತ್ತೆ ಹಚ್ಚಿ

ಯಾವ ಅಕ್ಷರದ ಮೇಲೆ ಗೆರೆ ಇದೆ ಎನ್ನುವುದೇ ಅರ್ಧ ಉತ್ತರ. ಎನ್ ಮೇಲೆ ಮಾತ್ರ ಇದ್ದರೆ ಬಹುಪಾಲು ಸ್ಪ್ಯಾನಿಷ್, ಇಲ್ಲವೇ ಸ್ಪೇನ್ ಆಳಿದ ಫಿಲಿಪ್ಪೀನ್ಸ್‌ನ ಹೆಸರು. ಸಂಸ್ಕೃತದ ರೋಮನ್ ಬರಹವೂ ಇರಬಹುದು. ಎ ಮತ್ತು ಓ ಮೇಲೆ ಇದ್ದು, ಅದರ ಮುಂದೆಯೇ ಇನ್ನೊಂದು ಸ್ವರ ಇದ್ದರೆ ಪೋರ್ಚುಗೀಸ್. ಓ ಮೇಲೆ ಮಾತ್ರ ಇದ್ದು, ಅಕ್ಕಪಕ್ಕದಲ್ಲಿ ಎರಡು ಚುಕ್ಕೆ ಹೊತ್ತ ಎ, ಯುಗಳೂ ಕಂಡರೆ ಎಸ್ಟೋನಿಯನ್. ಐ ಮತ್ತು ಯು ಮೇಲೆ ಮೇಲಿಂದ ಮೇಲೆ ಬಂದರೆ ಕೆನ್ಯಾದ ಕಿಕುಯು ಇರಬಹುದು. ಒಂದೇ ಅಕ್ಷರದ ಮೇಲೆ ಎರಡು ಗುರುತು ಒಂದರ ಮೇಲೊಂದು ಕೂತಿದ್ದರೆ ಅನುಮಾನವೇ ಬೇಡ, ವಿಯೆಟ್ನಾಮೀಸ್.

ಹಂತ 3: ಆ ಭಾಷೆಯ ಲೆಕ್ಕದಲ್ಲಿ ಉಚ್ಚರಿಸಿ

*ಸ್ಪ್ಯಾನಿಷ್.* ಕನ್ನಡಿಗರಿಗೆ ಇದು ಎಲ್ಲಕ್ಕಿಂತ ಸುಲಭ. ಎನ್~ ಎಂದರೆ ನಮ್ಮ ಞ. ವರ್ಣಮಾಲೆಯಲ್ಲಿ ಕಲಿತು, ಆಮೇಲೆ ಒತ್ತಕ್ಷರವಾಗಿ ಬಿಟ್ಟರೆ ಮುಟ್ಟದೇ ಇರುವ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಎಸ್ಪಾಞಾ, ಸೆಞೋರ್, ಮಞಾನಾ, ನೀಞೋ. ಪಿಜ್ಜಾ ಮೇಲಿನ ಖಾರದ ಮೆಣಸಿನಕಾಯಿ ‘ಜಲಪಿನೊ’ ಅಲ್ಲ, ಹಲಪೇಞೋ. ಸ್ಪ್ಯಾನಿಷ್‌ನಲ್ಲಿ ಜೆ ಅಕ್ಷರಕ್ಕೆ ಗಂಟಲಿನ ಹಕಾರ.

ಮಧ್ಯಯುಗದ ಲಿಪಿಕಾರರು ಜಾಗ ಮತ್ತು ಶ್ರಮ ಉಳಿಸಲು ಎನ್, ಎಂ ಅಕ್ಷರಗಳನ್ನು ಬಿಟ್ಟು ಹಿಂದಿನ ಅಕ್ಷರದ ಮೇಲೆ ಗೆರೆ ಎಳೆಯುತ್ತಿದ್ದರು. ವರ್ಷ ಎನ್ನುವ ಲ್ಯಾಟಿನ್ ಪದದ ನಡುವೆ ಎರಡು ಎನ್ ಇದ್ದವು. ಸ್ಪೇನ್‌ನಲ್ಲಿ ಒಂದು ಎನ್ ಉಳಿದು ಇನ್ನೊಂದು ಅದರ ತಲೆಗೇರಿತು. ಇಬ್ಬರ ಬದಲು ಒಬ್ಬ ನಿಂತಲ್ಲಿ ಉಚ್ಚಾರಣೆಯೂ ಞಕಾರವಾಯಿತು. ಹೀಗೆ ಹುಟ್ಟಿದ್ದು ‘ಆಞೋ’, ಅಂದರೆ ವರ್ಷ.

ಎಚ್ಚರಿಕೆ: ಈ ಪದದಲ್ಲಿ ಟಿಲ್ಡೆ ಮರೆತರೆ ಉಳಿಯುವ ‘ಆನೋ’ಗೆ ಮಲದ್ವಾರ ಎಂದರ್ಥ. ‘ನನಗೆ ಇಪ್ಪತ್ತು ವರ್ಷ’ ಎಂದು ಬರೆಯಲು ಹೋದವರು ನಗೆಪಾಟಲಾಗುವುದು ಇಲ್ಲಿಯೇ. ಹುಟ್ಟುಹಬ್ಬದ ಶುಭಾಶಯ ಕಳಿಸುವ ಮುನ್ನ ಇನ್ನೊಮ್ಮೆ ನೋಡಿ.

ತದ್ವಿರುದ್ಧ ತಪ್ಪೂ ಇದೆ. ಹಲಪೇಞೋ ಕಲಿತ ಉತ್ಸಾಹದಲ್ಲಿ ‘ಹಬಞೇರೋ’ ಎನ್ನುವವರು ಬಹಳ. ಆ ಮೆಣಸಿನಕಾಯಿಗೆ ಹವಾನಾ ನಗರದ ಹೆಸರು. ಅದರಲ್ಲಿ ಟಿಲ್ಡೆ ಇಲ್ಲವೇ ಇಲ್ಲ. ಇಲ್ಲದ ಕಡೆ ಹಾಕುವುದಕ್ಕಿಂತ ಇರುವ ಕಡೆ ಬಿಡುವುದೇ ವಾಸಿ ಎನ್ನುವುದು ನನ್ನ ಅಭಿಪ್ರಾಯ, ‘ಆಞೋ’ ಒಂದನ್ನು ಬಿಟ್ಟು.

ಸ್ಪ್ಯಾನಿಷ್ ಮಾತನಾಡುವವರ ಜೊತೆ ಹೆಸರಿನ ಕಾಗುಣಿತ ಹೇಳುವಾಗಲೂ ಜೋಪಾನ. ಅವರು ‘ಟಿಲ್ಡೆ’ ಎಂದರೆ ಸಾಮಾನ್ಯವಾಗಿ ಸ್ವರದ ಮೇಲಿನ ಓರೆ ಗೀಟು. ಎನ್~ ಅನ್ನು ಅವರು ಗೆರೆಯ ಹೆಸರಿನಿಂದ ಕರೆಯುವುದಿಲ್ಲ, ‘ಏಞೇ’ ಎಂದು ಅಕ್ಷರದ ಹೆಸರಿನಿಂದಲೇ ಕರೆಯುತ್ತಾರೆ. ಆ ಅಕ್ಷರದ ಮೇಲೆ ಅವರಿಗೆ ಅಭಿಮಾನವೂ ಜಾಸ್ತಿ. ಏಞೇ ಇಲ್ಲದ ಕೀಬೋರ್ಡುಗಳ ಮಾರಾಟವನ್ನು ಸ್ಪೇನ್ ತಡೆದಿತ್ತು. ಅದು ಮುಕ್ತ ವ್ಯಾಪಾರಕ್ಕೆ ಅಡ್ಡಿ ಎಂದು ಯುರೋಪಿನ ಸಮುದಾಯ (ಇಂದಿನ ಯುರೋಪಿಯನ್ ಒಕ್ಕೂಟ) 1991ರಲ್ಲಿ ತಕರಾರು ತೆಗೆದರೂ ಸ್ಪೇನ್ ಬಗ್ಗಲಿಲ್ಲ. 1993ರ ಏಪ್ರಿಲ್‌ನಲ್ಲಿ ರಾಜಾಜ್ಞೆ ಹೊರಡಿಸಿ, ಸಂಸ್ಕೃತಿಯ ರಕ್ಷಣೆಯ ಹೆಸರಿನಲ್ಲಿ ಅದನ್ನು ಉಳಿಸಿಕೊಂಡಿತು.

*ಪೋರ್ಚುಗೀಸ್.* ಇಲ್ಲಿ ಟಿಲ್ಡೆ ಸ್ವರದ ಮೇಲೆ ಬರುತ್ತದೆ. ಗಾಳಿ ಬಾಯಿಂದಲೂ ಮೂಗಿನಿಂದಲೂ ಒಟ್ಟಿಗೆ ಹೊರಡಬೇಕು. ಲ್ಯಾಟಿನ್‌ನ ಎನ್ ಸವೆದು ಹೋಗುವಾಗ ಮೂಗಿನ ಗುಣವನ್ನು ಸ್ವರಕ್ಕೆ ದಾಟಿಸಿ ಹೋಯಿತು: ಸ್ಪ್ಯಾನಿಷ್‌ನಲ್ಲಿ ಕೈಗೆ ‘ಮಾನೊ’, ಪೋರ್ಚುಗೀಸ್‌ನಲ್ಲಿ ‘ಮಾಂವ್’, ಅಲ್ಲಿ ಬ್ರೆಡ್ಡಿಗೆ ‘ಪಾನ್’, ಇಲ್ಲಿ ‘ಪಾಂವ್’.

ಎ~ ಜೊತೆ ಓ ಸೇರಿದ ಜೋಡಿ ಎಲ್ಲೆಲ್ಲೂ ಬರುತ್ತದೆ. ಅದನ್ನು ‘ಆಒ’ ಎಂದು ಎರಡಾಗಿ ಒಡೆಯಬೇಡಿ. ಮಂಗಳೂರು ಅಥವಾ ಕಾರವಾರದ ಕೊಂಕಣಿ ಗೆಳೆಯರಿದ್ದರೆ ‘ನಾನು’ ಎನ್ನುವುದನ್ನು ಕೊಂಕಣಿಯಲ್ಲಿ ಹೇಳಿಸಿ. ಅವರ ‘ಹಾಂವ್’ನಲ್ಲಿ ಕೇಳುವ ಕೊನೆಯ ದನಿಯೇ ಹೆಚ್ಚುಕಡಿಮೆ ಇದು. ಗೋವಾದಲ್ಲಿ ಜೂನ್ 24ರಂದು ಬಾವಿಗೆ ಹಾರುವ ಹಬ್ಬವನ್ನು ಕೊಂಕಣಿಗರು ‘ಸಾಂಜಾಂವ್’ ಎನ್ನುವುದು ಪೋರ್ಚುಗೀಸ್ ಹೆಸರಿನ ಎರಡು ಟಿಲ್ಡೆಗಳನ್ನೂ ಕಿವಿಯಲ್ಲಿ ಉಳಿಸಿಕೊಂಡೇ. ಬ್ರೆಜಿಲ್‌ನ ದೊಡ್ಡ ನಗರ ಅಲ್ಲಿನವರ ಬಾಯಲ್ಲಿ ‘ಸಾಂವ್ ಪಾವ್ಲು’. ಓ~ ಮತ್ತು ಇ ಸೇರಿದರೆ ‘ಓಂಯ್’.

ಇಲ್ಲಿಯೂ ಒಂದು ಗುಂಡಿ ಇದೆ. ಬೇಕರಿಯಲ್ಲಿ ಮೂಗು ಸೇರಿಸದೆ ಬರೀ ‘ಪಾವ್’ ಎಂದರೆ ಕೋಲು ಕೇಳಿದಂತಾಗುತ್ತದೆ. ಬೀದಿಮಾತಿನಲ್ಲಿ ಅದಕ್ಕಿಂತ ಪೋಲಿ ಅರ್ಥವೂ ಇದೆ.

*ವಿಯೆಟ್ನಾಮೀಸ್.* ಮೂಗನ್ನು ಇಲ್ಲಿ ಮರೆತುಬಿಡಿ. ಒಂದೇ ಉಚ್ಚಾರವನ್ನು ಬೇರೆ ಬೇರೆ ಏರಿಳಿತದಲ್ಲಿ ಹೇಳಿದರೆ ಬೇರೆ ಬೇರೆ ಪದವಾಗುತ್ತದೆ. ಆ ಏರಿಳಿತಕ್ಕೆ ಟೋನ್ ಎನ್ನುತ್ತಾರೆ. ಲಿಪಿಯಲ್ಲಿ ಆರು ಟೋನ್‌ಗಳಿವೆ, ಒಂದಕ್ಕೆ ಗುರುತಿಲ್ಲ, ಉಳಿದ ಐದರಲ್ಲಿ ಒಂದು ಟಿಲ್ಡೆ. ಹನೋಯ್ ಕಡೆಯವರು ಇದನ್ನು ಹೇಳುವಾಗ ದನಿ ಮೇಲೇರುತ್ತಾ ನಡುವೆ ಗಂಟಲಲ್ಲಿ ಒಮ್ಮೆ ಸಿಕ್ಕಿ ಬಿಡುತ್ತದೆ. ದಕ್ಷಿಣದವರ ಬಾಯಲ್ಲಿ ಇದೂ ಇನ್ನೊಂದು ಟೋನೂ ಬೆರೆತು ಒಂದೇ ಆಗಿವೆ, ಹಾಗಾಗಿ ಇವೆರಡರ ಕಾಗುಣಿತದಲ್ಲಿ ಅಲ್ಲಿನವರೇ ಎಡವುತ್ತಾರೆ.

ಕಾಫಿ ಪ್ರಿಯರು ಒಂದು ಪದ ನೆನಪಿಟ್ಟುಕೊಳ್ಳಿ. ಹಾಲಿಗೆ ಅಲ್ಲಿ ‘ಸೂಅ’, ಮೇಲೆ ಟಿಲ್ಡೆ. ಟಿಲ್ಡೆಯ ಜಾಗದಲ್ಲಿ ಓರೆ ಗೀಟು ಬಂದರೆ ಜೆಲ್ಲಿ ಮೀನು, ಪ್ರಶ್ನಾರ್ಥಕದಂಥ ಕೊಕ್ಕೆ ಬಂದರೆ ರಿಪೇರಿ. ದಾ ನಾಂಗ್ ನಗರದ ಎರಡನೇ ಪದದಲ್ಲಿ ಎ ಮೇಲೆ ಬಟ್ಟಲೂ ಅದರ ಮೇಲೆ ಟಿಲ್ಡೆಯೂ ಇದೆ. ಬಟ್ಟಲು ಸ್ವರ ಯಾವುದೆಂದು ಹೇಳುತ್ತದೆ, ಟಿಲ್ಡೆ ಟೋನ್ ಹೇಳುತ್ತದೆ. ಅಲ್ಲಿನ ಅತಿ ಸಾಮಾನ್ಯ ಮನೆತನದ ಹೆಸರಿನಲ್ಲಿ ಇ ಮೇಲೆ ಮಾಡು, ಮಾಡಿನ ಮೇಲೆ ಟಿಲ್ಡೆ. ನಮ್ಮವರು ಅದನ್ನು ‘ನ್ಗುಯೆನ್’ ಎಂದು ಕಷ್ಟಪಟ್ಟು ಬರೆಯುತ್ತಾರೆ. ‘ಙ್ವಿಯೆನ್’ ಎಂದರೆ ಸಾಕು. ಞ ಪಕ್ಕದಲ್ಲಿ ಙಗೂ ಕೆಲಸ ಸಿಕ್ಕಿದಂತಾಯಿತು.

ಈ ಲಿಪಿಯನ್ನು ರೂಪಿಸಿದವರಲ್ಲಿ ಪೋರ್ಚುಗೀಸ್ ಪಾದ್ರಿಗಳಿದ್ದರು, ಜೆಸುಯಿಟ್ ಪಾದ್ರಿ ಅಲೆಕ್ಸಾಂಡರ್ ದ ರೋಡ್ಸ್ ಅವರ ವಿಯೆಟ್ನಾಮೀಸ್ ನಿಘಂಟು 1651ರಲ್ಲಿ ರೋಮ್‌ನಲ್ಲಿ ಅಚ್ಚಾಯಿತು. ಗುರುತು ಯುರೋಪಿನದು, ಅದಕ್ಕೆ ವಹಿಸಿದ ಕೆಲಸ ಪೂರ್ತಿ ಬೇರೆ.

*ಎಸ್ಟೋನಿಯನ್.* ಓ~ ಇಲ್ಲಿ ಪ್ರತ್ಯೇಕ ಅಕ್ಷರ, ಮೂಗಿನ ಸ್ವರ ಖಂಡಿತ ಅಲ್ಲ. ‘ಓ’ ಹೇಳಲು ನಾಲಿಗೆಯನ್ನು ಸಿದ್ಧ ಮಾಡಿ, ಆದರೆ ತುಟಿಯನ್ನು ದುಂಡಗೆ ಮಾಡಬೇಡಿ, ಹರಡಿಕೊಂಡೇ ಇರಲಿ. ತುಳುವಿನ ಪದಗಳ ಕೊನೆಯ ಅರೆ ಉಕಾರ ಬಲ್ಲವರಿಗೆ ತುಟಿಯ ಈ ಆಟ ಹೊಸದಲ್ಲ. ಧ್ವನಿ ಬೇರೆ, ವರಸೆ ಅದೇ. ಓಟೊ ವಿಲ್ಹೆಲ್ಮ್ ಮಾಸಿಂಗ್ ಎಂಬ ಪಾದ್ರಿ 19ನೇ ಶತಮಾನದ ಆರಂಭದಲ್ಲಿ ಈ ಅಕ್ಷರ ತಂದರು. ಸಾರೆಮಾ ದ್ವೀಪದವರಿಗೆ ಮಾತ್ರ ಇಂದಿಗೂ ಈ ಸ್ವರ ಹೊರಡುವುದಿಲ್ಲ; ಉಳಿದ ಎಸ್ಟೋನಿಯನ್ನರು ಅದನ್ನಿಟ್ಟುಕೊಂಡು ಅವರನ್ನು ರೇಗಿಸುತ್ತಾರೆ.

*ಕಿಕುಯು.* ಇಲ್ಲಿಯೂ ಮೂಗಿಲ್ಲ. ಐ~ ಎಂದರೆ ಸುಮಾರು ಏ, ಯು~ ಎಂದರೆ ಸುಮಾರು ಓ. ಭಾಷೆಯ ಹೆಸರನ್ನೇ ಅವರು ಒಂದು ಐ~, ಎರಡು ಯು~ ಹಾಕಿ ಬರೆಯುತ್ತಾರೆ, ‘ಗೇಕೋಯೋ’ ಎಂಬಂತೆ ಹೇಳುತ್ತಾರೆ. ಕೆನ್ಯಾ ಪರ್ವತಕ್ಕೆ ಅವರ ಹೆಸರು ‘ಕೇರೇಞಾಗಾ’. ಟಿಲ್ಡೆ ಬಿದ್ದುಹೋದ ಇಂಗ್ಲಿಷ್ ಕಾಗುಣಿತ ನೋಡಿ ನಾವು ಇ, ಉ ಎಂದು ಓದುವುದರಿಂದಲೇ ಕೆನ್ಯಾದ ಹೆಸರುಗಳು ಕನ್ನಡದಲ್ಲಿ ಕೆಡುತ್ತವೆ.

*ಬ್ರೆಟನ್.* ಫ್ರಾನ್ಸ್‌ನ ಬ್ರಿಟನಿ ಪ್ರಾಂತ್ಯದ ಈ ಭಾಷೆಯಲ್ಲಿ ಎನ್~ ನೋಡಿ ಞ ಎಂದರೆ ತಪ್ಪಾಯಿತು. ಅಲ್ಲಿ ಆ ಎನ್ ಅನ್ನು ಉಚ್ಚರಿಸುವುದೇ ಇಲ್ಲ, ಹಿಂದಿನ ಸ್ವರ ಮೂಗಿನದು ಎಂದಷ್ಟೇ ಅದು ಹೇಳುತ್ತದೆ. ‘ಫಾಂಶ್’ ಎಂಬ ಹೆಸರನ್ನು ಮಗುವಿಗೆ ಟಿಲ್ಡೆಯೊಂದಿಗೇ ಇಡುವ ವಿಚಾರ 2017ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಮೊದಲು ಬೇಡವೆಂದರು, 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಿತು, ಅದರ ವಿರುದ್ಧ ಸರ್ಕಾರಿ ವಕೀಲರು ಸಲ್ಲಿಸಿದ ಅರ್ಜಿ 2019ರಲ್ಲಿ ಬಿದ್ದುಹೋಯಿತು.

ಪರಾಗ್ವೆಯ ಗುವಾರಾನಿಯಲ್ಲಿ ಟಿಲ್ಡೆ ಪೋರ್ಚುಗೀಸ್‌ನಂತೆಯೇ ಮೂಗಿನ ಸ್ವರಕ್ಕೆ. ಅಲ್ಲಿ ಜಿ ಮೇಲೂ ಬರುತ್ತದೆ. ಲಿಥುವೇನಿಯನ್‌ನಲ್ಲಿ ನಿಘಂಟಿನೊಳಗೆ ಮಾತ್ರ ಕಾಣುತ್ತದೆ, ದಿನದ ಬರಹದಲ್ಲಿ ಇಲ್ಲ.

*ಸಂಸ್ಕೃತದ ರೋಮನ್ ಬರಹ.* ಎನ್~ ಎಂದರೆ ಞ, ಅಷ್ಟೇ. ಜ್ಞಾನ, ಪಂಚ, ಪತಂಜಲಿ ಇವುಗಳಲ್ಲಿ ಬರುತ್ತದೆ. ವಿದ್ಯಾರ್ಥಿಗಳು ಮಾಡುವ ತಪ್ಪು ಎಂದರೆ ಕನ್ನಡದಲ್ಲಿ ಸೊನ್ನೆ ಇದ್ದ ಕಡೆಯೆಲ್ಲ ಎನ್~ ಹಾಕುವುದು. ಚವರ್ಗದ ಹಿಂದೆ ಮಾತ್ರ ಅದು ಸರಿ. ಸಂಘದಲ್ಲಿ ಎನ್ ಮೇಲೆ ಚುಕ್ಕೆ, ಘಂಟೆಯಲ್ಲಿ ಎನ್ ಕೆಳಗೆ ಚುಕ್ಕೆ, ದಂತದಲ್ಲಿ ಬರೀ ಎನ್.

ಹಂತ 4: ಕನ್ನಡದಲ್ಲಿ ಬರೆಯಿರಿ

ಎನ್~ಗೆ ಞ ಅಥವಾ ನ್ಯ, ಎರಡೂ ನಡೆಯುತ್ತವೆ. ಭಾಷಾಪಾಠ, ಅನುವಾದಗಳಲ್ಲಿ ಞ ಬಳಸಿ. ಸುದ್ದಿಯಲ್ಲಿ ‘ಎಲ್ ನಿನೊ’ ಎಂದು ಬೇರೂರಿರುವುದನ್ನು ಕೀಳಲು ಹೋಗುವುದು ವ್ಯರ್ಥ ಎಂದು ನನಗನಿಸುತ್ತದೆ. ಒಂದೇ ಬರಹದಲ್ಲಿ ಎರಡು ರೂಪ ಬಾರದಿದ್ದರೆ ಸಾಕು.

ಮೂಗಿನ ಸ್ವರ ಕಷ್ಟ. ನಮ್ಮ ಸೊನ್ನೆ ಮುಂದಿನ ವ್ಯಂಜನಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ. ‘ಸಾಂ ಪಾವ್ಲು’ ಎಂದು ಬರೆದರೆ ಓದುಗರು ‘ಸಾಮ್‌ಪಾವ್ಲು’ ಎನ್ನುತ್ತಾರೆ. ನಡುವೆ ವ್ ಸೇರಿಸಿ ‘ಸಾಂವ್’ ಎಂದರೆ ಆ ತೊಂದರೆ ಇಲ್ಲ. ಯೂನಿಕೋಡ್‌ಗೆ 2014ರಲ್ಲಿ ಕನ್ನಡದ ಚಂದ್ರಬಿಂದು ಸೇರಿದೆ ನಿಜ. ಆದರೆ ಅದನ್ನು ತೋರಿಸದ ಫಾಂಟ್‌ಗಳಿವೆ, ಓದುಗರಿಗೂ ರೂಢಿಯಿಲ್ಲ. ಬೇಡ.

ವಿಯೆಟ್ನಾಮೀಸ್ ಟೋನ್ ಕನ್ನಡದಲ್ಲಿ ಬರೆಯಲಾಗದು, ಪ್ರಯತ್ನಿಸಬೇಡಿ.

ಹಂತ 5: ಟೈಪ್ ಮಾಡಿ

ಫೋನ್: ಕನ್ನಡ ಕೀಬೋರ್ಡಿನಿಂದ ಇಂಗ್ಲಿಷ್‌ಗೆ ಬದಲಿಸಿ, ಎನ್, ಎ ಅಥವಾ ಓ ಕೀಲಿಯನ್ನು ಒತ್ತಿ ಹಿಡಿಯಿರಿ. ಮೇಲೆ ಬರುವ ಸಾಲಿನಲ್ಲಿ ಟಿಲ್ಡೆಯದು ಇರುತ್ತದೆ, ಬೆರಳು ಜಾರಿಸಿ ಆರಿಸಿ. ಎಲ್ಲ ಅಕ್ಷರಕ್ಕೂ ಸಿಗಲಿಕ್ಕಿಲ್ಲ. ಆಗ ಆಯಾ ಭಾಷೆಯ ಕೀಬೋರ್ಡನ್ನೇ ಸೇರಿಸಿಕೊಳ್ಳಿ.

ಮ್ಯಾಕ್: ಆಪ್ಷನ್ ಜೊತೆ ಎನ್ ಒತ್ತಿ ಬಿಡಿ, ಆಮೇಲೆ ಬೇಕಾದ ಅಕ್ಷರ ಒತ್ತಿ.

ವಿಂಡೋಸ್: ಆಲ್ಟ್ ಒತ್ತಿ ಹಿಡಿದು ಬಲಬದಿಯ ಅಂಕಿ ಕೀಲಿಗಳಲ್ಲಿ 164 ಎಂದರೆ ಚಿಕ್ಕ ಎನ್~, 165 ಎಂದರೆ ದೊಡ್ಡದು. ಚಿಕ್ಕ ಎ~ಗೆ 0227, ದೊಡ್ಡದಕ್ಕೆ 0195. ಚಿಕ್ಕ ಓ~ಗೆ 0245, ದೊಡ್ಡದಕ್ಕೆ 0213. ಮೊದಲಿಗಿರುವ ಸೊನ್ನೆ ಬಿಡಬೇಡಿ. ಮೇಲಿನ ಸಾಲಿನ ಅಂಕಿಗಳಿಂದ ಇದು ಆಗುವುದಿಲ್ಲ, ಹಾಗಾಗಿ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ‘ಯುಎಸ್ ಇಂಟರ್‌ನ್ಯಾಷನಲ್’ ಕೀಬೋರ್ಡ್ ಹಾಕಿಕೊಳ್ಳುವುದು ಮೇಲು: ಮೊದಲು ~, ಆಮೇಲೆ ಅಕ್ಷರ. ಆದರೆ ಅದರಲ್ಲಿ ಉದ್ಧರಣ ಚಿಹ್ನೆಯೂ ಮುಂದಿನ ಕೀಲಿಗಾಗಿ ಕಾಯುತ್ತಾ ಕೂರುತ್ತದೆ. ಒಮ್ಮೆ ಸ್ಪೇಸ್ ಒತ್ತಿದರೆ ಹೊರಬರುತ್ತದೆ. ಕೀಬೋರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ವರ್ಡ್‌ನಲ್ಲಾದರೆ ಕಂಟ್ರೋಲ್, ಶಿಫ್ಟ್, ~ ಮೂರನ್ನೂ ಒಟ್ಟಿಗೆ ಒತ್ತಿ ಬಿಟ್ಟು ಅಕ್ಷರ ಒತ್ತಿ.

ವಿಯೆಟ್ನಾಮೀಸ್: ಟೆಲೆಕ್ಸ್ ಎಂಬ ವಿಧಾನದಲ್ಲಿ ಟಿಲ್ಡೆಗೆ ಎಕ್ಸ್ ಕೀಲಿ. ಇ ಎರಡು ಸಲ ಒತ್ತಿದರೆ ಮಾಡು, ಅದರ ಮೇಲೆ ಎಕ್ಸ್ ಒತ್ತಿದರೆ ಟಿಲ್ಡೆ. ವಿಎನ್‌ಐ ವಿಧಾನದಲ್ಲಿ ಎಕ್ಸ್ ಬದಲು ಅಂಕಿ 4.

ಹಂತ 6: ಟಿಕೆಟ್, ಪಾಸ್‌ಪೋರ್ಟ್, ಅರ್ಜಿ

ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿರುತ್ತವೆ. ಅಲ್ಲಿ ರೋಮನ್‌ನ 26 ಬರೀ ಅಕ್ಷರ, ಅಂಕಿ, ಬಾಣದ ಗುರುತು ಬಿಟ್ಟರೆ ಬೇರೇನೂ ಬರುವಂತಿಲ್ಲ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಎನ್~ ಅಲ್ಲಿ ಬರೀ ಎನ್ ಆಗುತ್ತದೆ, ಇಲ್ಲವೇ ಎನ್ ಮುಂದೆ ಎರಡು ಎಕ್ಸ್ ಬರುತ್ತವೆ. ಎ~, ಓ~ ಬರೀ ಎ, ಓ. ವಿಮಾನದ ಟಿಕೆಟ್ಟಿಗೆ ಆ ಸಾಲಿನಲ್ಲಿ ಇರುವಂತೆಯೇ ಹೆಸರು ಕೊಡಿ. ಉಚ್ಚಾರಣೆ ಉಳಿಸಲೆಂದು ಎನ್ ಮುಂದೆ ವೈ ಸೇರಿಸಿದರೆ ಅದು ಬೇರೆ ಹೆಸರೇ ಆಗಿ ಕೌಂಟರಿನಲ್ಲಿ ತಕರಾರು ಗ್ಯಾರಂಟಿ.

ಗೋವಾ, ದಮನ್, ದಿಯು ಮೂಲದ ಕುಟುಂಬಗಳಿಗೆ ಇದು ಇನ್ನಷ್ಟು ಬಿಸಿ. 1961ಕ್ಕೆ ಮುಂಚಿನ ಪೋರ್ಚುಗೀಸ್ ಜನನ ದಾಖಲೆಯಲ್ಲಿ ಫಾಲ್ಕಾಂವ್, ಸಿಮೋಂಯ್ಸ್ ಎಂಬ ಹೆಸರುಗಳು ಟಿಲ್ಡೆಯೊಂದಿಗೆ ಇರುತ್ತವೆ. ಆಧಾರ್, ಶಾಲೆಯ ಅಂಕಪಟ್ಟಿಗಳಲ್ಲಿ ಇರುವುದಿಲ್ಲ. ಪ್ರತಿಯೊಂದು ಕಾಗದದಲ್ಲಿ ಹೇಗಿದೆಯೋ ಹಾಗೆಯೇ ನಕಲು ಮಾಡಿ, ‘ವ್ಯತ್ಯಾಸ ಉಚ್ಚಾರಣಾ ಚಿಹ್ನೆಯದಷ್ಟೇ’ ಎಂದು ಪ್ರಮಾಣಪತ್ರದಲ್ಲಿ ಬರೆಸಿ. ಹಳೆಯ ದಾಖಲೆಯ ಪ್ರತಿಯಲ್ಲಿ ನೀವಾಗಿಯೇ ಗೆರೆ ಅಳಿಸುವುದಾಗಲಿ ಸೇರಿಸುವುದಾಗಲಿ ಬೇಡ.

ಹಂತ 7: ಫೈಲಿನೊಳಗೆ ಕೆಟ್ಟರೆ

ಎನ್~ ಇರಬೇಕಾದ ಕಡೆ ದೊಡ್ಡ ಎ~ ಮತ್ತು ಅದರ ಪಕ್ಕ ಪ್ಲಸ್-ಮೈನಸ್ ಚಿಹ್ನೆ ಕಂಡರೆ ಅದು ಹೊಸ ಭಾಷೆ ಅಲ್ಲ. ಯುಟಿಎಫ್-8 ಎಂಬ ಇಂದಿನ ಸಂಕೇತ ಪದ್ಧತಿಯಲ್ಲಿ ಎನ್~ಗೆ ಎರಡು ಬೈಟ್. ಹಳೆಯ ಪದ್ಧತಿಯ ತಂತ್ರಾಂಶ ಆ ಎರಡನ್ನೂ ಎರಡು ಬೇರೆ ಅಕ್ಷರ ಎಂದು ಓದುತ್ತದೆ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಫೈಲ್ ತೆರೆದಾಗ ಹೀಗಾದರೆ, ಅದನ್ನು ಸೇವ್ ಮಾಡದೆ ಮುಚ್ಚಿ. ಡೇಟಾ ಪಟ್ಟಿಯಿಂದ ಆಮದು ಮಾಡಿ, ಫೈಲಿನ ಮೂಲ ಕೇಳಿದಾಗ 65001 (ಅಂದರೆ ಯುಟಿಎಫ್-8) ಆರಿಸಿ. ಒಮ್ಮೆ ಸೇವ್ ಮಾಡಿಬಿಟ್ಟರೆ ಕಸವೇ ಫೈಲಿನಲ್ಲಿ ಕೂರುತ್ತದೆ.

ಕಣ್ಣಿಗೆ ಸರಿಯಾಗಿಯೇ ಕಂಡರೂ ಹುಡುಕಿದರೆ ಸಿಗದಿರುವುದು ಇನ್ನೊಂದು ಕಾಟ. ಯೂನಿಕೋಡ್‌ನಲ್ಲಿ ಎನ್~ ಅನ್ನು ಒಂದೇ ಅಕ್ಷರವಾಗಿಯೂ ಇಡಬಹುದು, ಬರೀ ಎನ್ ಮತ್ತು ತೇಲುವ ಟಿಲ್ಡೆ ಎಂದು ಎರಡಾಗಿಯೂ ಇಡಬಹುದು. ನಮ್ಮ ‘ಕೋ’ ಕೂಡ ಹೀಗೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಒಳಗೆ ಕೂರಬಲ್ಲದು. ಪಿಡಿಎಫ್‌ನಿಂದ ನಕಲು ಮಾಡಿದ ಪಠ್ಯದಲ್ಲಿ ಇದು ಹೆಚ್ಚು. ಅಕ್ಷರದ ಬಲಕ್ಕೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿ ನೋಡಿ: ಗೆರೆ ಮಾತ್ರ ಮಾಯವಾಗಿ ಎನ್ ಉಳಿದರೆ ಅದು ಎರಡು ತುಂಡಿನದು. ಎನ್‌ಎಫ್‌ಸಿ ಎಂಬ ರೂಪಕ್ಕೆ ಬದಲಿಸಿದರೆ ಒಂದಾಗುತ್ತದೆ. ಗುವಾರಾನಿಯ ಜಿ~ಗೆ ಮಾತ್ರ ಒಂಟಿ ರೂಪವೇ ಇಲ್ಲ, ಅದು ಯಾವಾಗಲೂ ಎರಡು ತುಂಡು.

ಕೊನೆಗೆ ಅಕಾರಾದಿ. ಪೋರ್ಚುಗೀಸ್‌ನಲ್ಲಿ ಎ~ ಎಂದರೆ ಎ ಜೊತೆಗೇ ಸೇರಿಸಿ ವಿಂಗಡಿಸಿ. ಸ್ಪ್ಯಾನಿಷ್ ಪದಕೋಶದಲ್ಲಿ ಎನ್~ ಬೇರೆಯೇ ಅಕ್ಷರ, ಎನ್ ಮುಗಿದ ಮೇಲೆ ಅದರ ಸರದಿ. ಆದ್ದರಿಂದ ‘ಕಾಞಾ’ ಎನ್ನುವ ಪದ ‘ಕಾಂತಾರ್’, ‘ಕಾಂತೊ’ ಎರಡರ ನಂತರ ಬರಬೇಕು. ಎಸ್ಟೋನಿಯನ್‌ನಲ್ಲಿ ಓ~ ಇನ್ನೂ ದೂರ, ವಿ ಅಕ್ಷರವನ್ನೂ ದಾಟಿ ಪಟ್ಟಿಯ ತುದಿಗೆ. ಇಂಗ್ಲಿಷ್‌ಗೆ ಹೊಂದಿಸಿದ ಎಕ್ಸೆಲ್ ಇದನ್ನೆಲ್ಲ ನೋಡುವುದಿಲ್ಲ. ಪಟ್ಟಿ ಚಿಕ್ಕದಾದರೆ ವಿಂಗಡಿಸಿದ ಮೇಲೆ ಆ ಸಾಲುಗಳನ್ನು ಕೈಯಿಂದಲೇ ಎತ್ತಿ ಸರಿಯಾದ ಜಾಗಕ್ಕೆ ಇಡಿ.